ಎಣ್ಣೆ ಕೇಳದ ನೋವು: ಡೊಂಬಿವಲಿಯ ಒಂದು ಆಮವಾತ ಪ್ರಕರಣ

ರೋಗಿ 43 ವರ್ಷದ ಗೃಹಿಣಿ. ಊರು ಉಡುಪಿಯ ಕಡೆ. ಮದುವೆಯಾಗಿ ಬಂದಂದಿನಿಂದ ಡೊಂಬಿವಲಿ ಪೂರ್ವದಲ್ಲಿ ವಾಸ. ಗಂಡ ದಾದರಿನ ಹೋಟೆಲೊಂದರಲ್ಲಿ ಗಲ್ಲೆ ನೋಡಿಕೊಳ್ಳುತ್ತಾರೆ. ಈಕೆ ಮನೆಯಲ್ಲೇ ಇಡ್ಲಿ-ದೋಸೆ ಹಿಟ್ಟು ಅರೆದು ಸುತ್ತಲಿನ ಸೊಸೈಟಿಗಳಿಗೆ ದಿನಕ್ಕೆ 25 ಕಿಲೋ ಕೊಡುತ್ತಾರೆ. ಗುರುತು ಸಿಗುವಂಥ ವಿವರಗಳನ್ನು ಇಲ್ಲಿ ಬದಲಿಸಿದ್ದೇವೆ.

ತೊಂದರೆ ಶುರುವಾದದ್ದು ದೀಪಾವಳಿ ಕಳೆದ ಮೇಲೆ, ಬಲಗೈಯ ನಡುಬೆರಳು ಮತ್ತು ಉಂಗುರಬೆರಳಿನ ಬುಡದಲ್ಲಿ. ಎರಡು ತಿಂಗಳೊಳಗೆ ಎರಡೂ ಮಣಿಕಟ್ಟು, ಎರಡೂ ಕೈಯ ಬೆರಳುಗಳು, ಪಾದದ ಮುಂಭಾಗ. ಬೆಳಿಗ್ಗೆ ಬಟ್ಟೆ ಹಿಂಡಲು ಆಗದು, ಹಿಟ್ಟಿನ ಡಬ್ಬಿಯ ಮುಚ್ಚಳ ತಿರುಗಿಸಲು ಆಗದು, ಲೋಕಲ್ ಟ್ರೈನಿನ ಹಿಡಿಕೆ ಹಿಡಿದು ನಿಲ್ಲಲು ಆಗದು. ಐದು ಗಂಟೆಗೆ ಎದ್ದರೆ ಕೈ ಸಡಿಲವಾಗುವಾಗ ಏಳೂವರೆ. ಫೆಬ್ರವರಿಯಲ್ಲಿ ಸಂಧಿವಾತ ತಜ್ಞರು ರುಮಟಾಯ್ಡ್ ಆರ್ಥ್ರೈಟಿಸ್ (ಆಯುರ್ವೇದದಲ್ಲಿ ನಾವು ಆಮವಾತವೆಂದು ಕಾಣುವ ಕೀಲುರೋಗ) ಎಂದು ನಿರ್ಧರಿಸಿ, ರೋಗದ ಬಿರುಸು ತಗ್ಗಿಸಲು ವಾರಕ್ಕೊಮ್ಮೆ 15 ಮಿಲಿಗ್ರಾಂ ಮೆಥೊಟ್ರೆಕ್ಸೇಟ್ ಮತ್ತು ಫೋಲಿಕ್ ಆಮ್ಲ ಬರೆದುಕೊಟ್ಟರು. ಒಂಬತ್ತು ವಾರ ತೆಗೆದುಕೊಂಡು, ವಾಕರಿಕೆ ತಡೆಯಲಾರದೆ, ಜೀವಮಾನವಿಡೀ ನುಂಗಬೇಕಾದ ಮಾತ್ರೆ ಎಂಬ ಹೆದರಿಕೆಯಿಂದ ಏಪ್ರಿಲಿನಲ್ಲಿ ಈಕೆ ತಾನಾಗಿಯೇ ಬಿಟ್ಟರು.

ಮೇ ತಿಂಗಳಲ್ಲಿ ಊರಿಗೆ ಹೋದಾಗ ಮನೆಯವರು ಅಕ್ಕರೆಯಿಂದಲೇ ಮಾಡಿದ ಉಪಚಾರ ಮಹಾನಾರಾಯಣ ತೈಲದ ಅಭ್ಯಂಗ. ದಿನಾ ಮುಕ್ಕಾಲು ಗಂಟೆ ತಿಕ್ಕಿ, ಹಂಡೆಯ ಬಿಸಿನೀರಿನಲ್ಲಿ ಮೀಯಿಸುವುದು, ಹದಿನಾಲ್ಕು ದಿನ. ಮೊದಲ ಎರಡು ದಿನ ಹಾಯೆನಿಸಿತು. ಐದನೆಯ ದಿನ ಅಲ್ಲಿಯವರೆಗೆ ಸುಮ್ಮನಿದ್ದ ಎರಡೂ ಮೊಣಕಾಲು ಊದಿದವು. ಒಂಬತ್ತನೆಯ ದಿನ ಸಂಜೆ 99.8 ಡಿಗ್ರಿ ಜ್ವರ, ಅನ್ನ ಕಂಡರೆ ಬೇಡ. ವಿಷ ಹೊರಗೆ ಬರುತ್ತಿದೆ, ನಿಲ್ಲಿಸಬೇಡಿ ಎಂದು ಯಾರೋ ಹೇಳಿದರು. ಉಳಿದ ಐದು ದಿನವೂ ತಿಕ್ಕಿದರು. ಜೂನ್ ಕೊನೆಗೆ ನಮ್ಮ ಆಯುರ್ವೇದ ಚಿಕಿತ್ಸಾಲಯಕ್ಕೆ ಬಂದಾಗ ಮಳೆ ಹಿಡಿದಿತ್ತು, ಈಕೆ ಗೋಡೆ ಹಿಡಿದು ನಡೆಯುತ್ತಿದ್ದರು.

ಎಣ್ಣೆ ಏಕೆ ಕೆಡಿಸಿತು

ಕೀಲುನೋವು ಅಂದರೆ ವಾತ, ವಾತಕ್ಕೆ ಎಣ್ಣೆ: ಈ ಲೆಕ್ಕ ನಮ್ಮ ಮನೆಗಳಲ್ಲಿ ಆಳವಾಗಿ ಬೇರೂರಿದೆ. ಸವೆದ ಮೊಣಕಾಲಿನ ಮಟ್ಟಿಗೆ, ಅಂದರೆ ಸಂಧಿಗತವಾತಕ್ಕೆ, ಅದು ಸರಿ. ಆಮವಾತದ ಲೆಕ್ಕ ಬೇರೆ. ಅದಕ್ಕೆ ಪ್ರತ್ಯೇಕ ಅಧ್ಯಾಯ ಕೊಟ್ಟು ವಿವರಿಸಿದವರು ಹಿಂದಿನ ಕಾಲದ ಆಯುರ್ವೇದಾಚಾರ್ಯ ಮಾಧವಕರ, ತಮ್ಮ ನಿದಾನಗ್ರಂಥದಲ್ಲಿ. ಅಗ್ನಿ ಮಂದವಾದಾಗ ಆಹಾರರಸ ಪೂರ್ತಿ ಪಾಕವಾಗದೆ ಅಂಟಂಟಾದ ಆಮವಾಗಿ ಉಳಿಯುತ್ತದೆ. ವಾತ ಅದನ್ನು ಹೊತ್ತು ಕಫದ ನೆಲೆಗಳಿಗೆ, ಮುಖ್ಯವಾಗಿ ಕೀಲುಗಳಿಗೆ ಒಯ್ದು ಕೂರಿಸುತ್ತದೆ. ಇಲ್ಲಿ ದಾರಿ ಕಟ್ಟಿರುವ ವಸ್ತು ಜಿಡ್ಡು, ಭಾರ, ತಂಪು ಗುಣದ್ದು. ಎಣ್ಣೆಯದ್ದೂ ಜಿಡ್ಡು, ಭಾರದ ಗುಣವೇ. ಕಟ್ಟಿದ ಮೋರಿಗೆ ಇನ್ನಷ್ಟು ಜಿಡ್ಡು ಸುರಿದ ಹಾಗಾಗುತ್ತದೆ. ಆಧುನಿಕ ವೈದ್ಯದ ಮಾತಿನಲ್ಲಿ ಹೇಳುವುದಾದರೆ, ಕೀಲಿನ ಒಳಪದರ ಉರಿಯೂತದಿಂದ ಊದಿ ನೀರು ತುಂಬಿದೆ. ಅದನ್ನು ಮುಕ್ಕಾಲು ಗಂಟೆ ಒತ್ತಿ ತಿಕ್ಕಿ ಬಿಸಿ ಮಾಡಿದರೆ ಊತ ಹೆಚ್ಚುವುದು ಆಶ್ಚರ್ಯವಲ್ಲ.

ಎರಡನ್ನೂ ಬೇರ್ಪಡಿಸುವುದು ಮನೆಯವರಿಗೂ ಸಾಧ್ಯ. ಸವೆತದ ನೋವಿನಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ, ನಡೆದಷ್ಟೂ ನೋವು ಏರುತ್ತದೆ, ಕೂತರೆ ಇಳಿಯುತ್ತದೆ. ಆಮವಾತದಲ್ಲಿ ಬಿಗಿತ ಗಂಟೆ ದಾಟುತ್ತದೆ, ವಿಶ್ರಾಂತಿ ಮುಗಿಸಿ ಏಳುವಾಗಲೇ ಹೆಚ್ಚು ನೋವು, ಎರಡೂ ಬದಿಯ ಸಣ್ಣ ಕೀಲುಗಳು ಜೋಡಿಯಾಗಿ ಹಿಡಿಯುತ್ತವೆ. ಉಗುರಿನ ಹತ್ತಿರದ ಕೊನೆಯ ಗಿಣ್ಣು ಮಾತ್ರ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಜೊತೆಗೆ ಮೈಭಾರ, ಅರುಚಿ, ಸಣ್ಣ ಜ್ವರ. ಈ ಚಿತ್ರ ಕಂಡರೆ ಎಣ್ಣೆಯ ಬಾಟಲಿಯನ್ನು ಕಪಾಟಿನಲ್ಲೇ ಇಡಬೇಕು.

ಪರೀಕ್ಷೆಯಲ್ಲಿ ಕಂಡದ್ದು

ಒತ್ತಿದರೆ ನೋಯುವ ಕೀಲು 14, ಊದಿದ ಕೀಲು 9. ರಕ್ತದಲ್ಲಿ ಉರಿಯೂತ ತೋರುವ ಇ.ಎಸ್.ಆರ್. 68, ಸಿ.ಆರ್.ಪಿ. ಲೀಟರಿಗೆ 34 ಮಿಲಿಗ್ರಾಂ, ಹಿಮೋಗ್ಲೋಬಿನ್ 10.2. ಈ ರೋಗದಲ್ಲಿ ಕಾಣುವ ಪ್ರತಿಕಾಯಗಳಲ್ಲಿ ರುಮಟಾಯ್ಡ್ ಫ್ಯಾಕ್ಟರ್ 112, ಆ್ಯಂಟಿ-ಸಿ.ಸಿ.ಪಿ. ತೀರಾ ಹೆಚ್ಚು. 2010ರ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಹತ್ತಕ್ಕೆ ಆರು ಅಂಕ ಬಂದರೆ ಈ ರೋಗವೆಂದು ಒಪ್ಪುತ್ತಾರೆ. ಈಕೆಗೆ ಹತ್ತಕ್ಕೆ ಹತ್ತು. ರೋಗದ ಬಿರುಸನ್ನು ಅಳೆಯುವ ಡಾಸ್-28 ಅಂಕ 6.9. ಅದು 5.1 ದಾಟಿದರೆ ತೀವ್ರ. ಎಕ್ಸ್-ರೇಯಲ್ಲಿ ಮೂಳೆ ಇನ್ನೂ ಕೊರೆದಿರಲಿಲ್ಲ, ಅದೊಂದೇ ಸಮಾಧಾನ. ಲಿವರ್, ಕಿಡ್ನಿ ಸರಿ ಇದ್ದವು.

ನಾಲಿಗೆಯ ಮೇಲೆ ದಪ್ಪ ಬಿಳಿ ಲೇಪ, ಅಂಚುಗಳಲ್ಲಿ ಹಲ್ಲಿನ ಗುರುತು. ಹಸಿವೆಯೇ ಇಲ್ಲ, ಉಂಡ ನಾಲ್ಕು ಗಂಟೆಯ ಮೇಲೂ ಅದೇ ಅನ್ನದ ತೇಗು. ಮಲ ಅಂಟು. ಇವು ಆಮ ಇನ್ನೂ ಗಟ್ಟಿಯಾಗಿ ಕೂತಿದೆ ಎಂಬುದರ ಲಕ್ಷಣಗಳು. ಕಾರಣ ಹುಡುಕಿದಾಗ ದಿನಚರಿಯೇ ಉತ್ತರ ಹೇಳಿತು. ರಾತ್ರಿ ಒಂಬತ್ತಕ್ಕೆ ಉದ್ದು ಅರೆಯುವುದು, ಕೈ ಮೊಣಕೈತನಕ ತಣ್ಣಗಿನ ಹಿಟ್ಟಿನಲ್ಲಿ. ನಾಲ್ಕೂವರೆಗೆ ಎದ್ದು ಮೂರು ನಾಲ್ಕು ದೋಸೆ ತುಪ್ಪದಲ್ಲಿ ಕಾಯಿಸಿ ತಿಂದು, ಕೂಡಲೇ ಕೊಳಗ ಎತ್ತಿ ಹಿಟ್ಟು ತುಂಬುವ ಕೆಲಸ. ಮಧ್ಯಾಹ್ನ ಮೀನೂಟ, ಕೊನೆಗೆ ಮೊಸರನ್ನ, ಆಮೇಲೆ ಎರಡು ಗಂಟೆ ನಿದ್ದೆ. ಜಿಡ್ಡಿನ ಊಟ ಮಾಡಿದ ಕೂಡಲೇ ದೇಹಶ್ರಮ ಮಾಡುವವರಿಗೆ ಈ ರೋಗ ಬರುತ್ತದೆ ಎಂದು ಮಾಧವಕರರು ನೇರವಾಗಿಯೇ ಹೇಳಿದ್ದಾರೆ. ಅವರು ಕೊಡುವ ಕಾರಣಗಳಲ್ಲಿ ಆಧುನಿಕ ರೋಗಿಯ ಚರಿತ್ರೆ ಬರೆದುಕೊಳ್ಳುವಾಗ ಹೆಚ್ಚಾಗಿ ತಪ್ಪಿಹೋಗುವುದು ಇದೇ.

ಮೊದಲ ಮಾತು ಮೆಥೊಟ್ರೆಕ್ಸೇಟ್ ಬಗ್ಗೆ

ಆಯುರ್ವೇದ ಶುರು ಮಾಡುತ್ತೇವೆ, ಇನ್ನು ಆ ಮಾತ್ರೆ ಬೇಡ ಎಂದು ಈಕೆ ನಿರ್ಧರಿಸಿಯೇ ಬಂದಿದ್ದರು. ನಾವು ಒಪ್ಪಲಿಲ್ಲ. ಆ್ಯಂಟಿ-ಸಿ.ಸಿ.ಪಿ. ಇಷ್ಟು ಹೆಚ್ಚಿರುವವರಲ್ಲಿ ಮೂಳೆ ಕೊರೆಯುವ ಸಂಭವ ಹೆಚ್ಚು, ಒಮ್ಮೆ ಕೊರೆದದ್ದನ್ನು ಯಾವ ಕಷಾಯವೂ ತುಂಬಿಸಲಾರದು. ಸಂಧಿವಾತ ತಜ್ಞರ ಹತ್ತಿರ ಮತ್ತೆ ಕಳಿಸಿದೆವು. ಅವರು 10 ಮಿಲಿಗ್ರಾಮಿನಿಂದ ಶುರು ಮಾಡಿ ನಾಲ್ಕು ವಾರದಲ್ಲಿ 15ಕ್ಕೆ ಏರಿಸಿದರು, ಭಾನುವಾರ ರಾತ್ರಿ ಊಟದ ನಂತರ ತೆಗೆದುಕೊಳ್ಳಲು ಹೇಳಿದರು. ವಾಕರಿಕೆಯ ಹೊತ್ತು ನಿದ್ದೆಯಲ್ಲೇ ಕಳೆಯಿತು. ಇದು ವಾರಕ್ಕೊಂದೇ ದಿನದ ಮಾತ್ರೆ ಎಂಬುದನ್ನು ಕ್ಯಾಲೆಂಡರಿನ ಭಾನುವಾರಗಳಿಗೆ ಕೆಂಪು ಗುರುತು ಹಾಕಿಸಿ ಖಾತ್ರಿಪಡಿಸಿದೆವು. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಮುಟ್ಟು ಇನ್ನೂ ನಿಂತಿಲ್ಲವಾದ್ದರಿಂದ, ಈ ಮಾತ್ರೆ ನಡೆಯುವಷ್ಟು ಕಾಲ ಗರ್ಭ ನಿಲ್ಲಬಾರದು ಎಂಬುದನ್ನೂ ಗಂಡಹೆಂಡಿರಿಬ್ಬರಿಗೂ ಸ್ಪಷ್ಟವಾಗಿ ಹೇಳಲಾಯಿತು.

ಎರಡು ಪದ್ಧತಿ ಜೊತೆಯಾದಾಗ ನಮ್ಮ ಕಡೆಯ ಜವಾಬ್ದಾರಿ ಹೆಚ್ಚುತ್ತದೆ. ಮೆಥೊಟ್ರೆಕ್ಸೇಟ್ ಹೊರಹೋಗುವುದು ಮುಖ್ಯವಾಗಿ ಮೂತ್ರದಲ್ಲಿ. ಆ ಹೊತ್ತಿಗೆ ಭೇದಿಯಾಗಿ ಮೈಯ ನೀರು ಬತ್ತಿದರೆ ಅದು ರಕ್ತದಲ್ಲೇ ಉಳಿದು ಬಾಯಿಹುಣ್ಣಿನಿಂದ ಹಿಡಿದು ರಕ್ತಕಣ ಕುಸಿಯುವತನಕ ತೊಂದರೆ ಕೊಡಬಹುದು. ಆದ್ದರಿಂದ ಶನಿವಾರ ರಾತ್ರಿಯಿಂದ ಸೋಮವಾರ ರಾತ್ರಿಯವರೆಗೆ ಹರಳೆಣ್ಣೆಯಾಗಲಿ ಬಸ್ತಿಯಾಗಲಿ (ಗುದದ್ವಾರದಿಂದ ಕೊಡುವ ಔಷಧಿ) ಇಲ್ಲ. ಇನ್ನೊಂದು ಎಚ್ಚರಿಕೆ ಲಿವರಿನದ್ದು. ನಾವು ಕೊಡಲಿದ್ದ ಕಷಾಯದಲ್ಲಿ ಅಮೃತಬಳ್ಳಿ ಇದೆ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್ ಉರಿಯೂತ ಕಂಡದ್ದನ್ನು 2021ರಲ್ಲಿ ಮುಂಬಯಿಯ ವೈದ್ಯರೇ ಪ್ರಕಟಿಸಿದರು. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಲಿವರಿನ ಮೇಲೆ ಮೊದಲೇ ಒಂದು ಮಾತ್ರೆಯ ಭಾರವಿರುವವರಲ್ಲಿ ನಂಬಿಕೆಯ ಮೇಲೆ ನಡೆಯಲಾಗದು. ಪ್ರತಿ ನಾಲ್ಕು ವಾರಕ್ಕೆ ರಕ್ತಕಣ, ಲಿವರ್, ಕ್ರಿಯಾಟಿನಿನ್ ಪರೀಕ್ಷೆ; ಲಿವರಿನ ಎ.ಎಲ್.ಟಿ. ಮೇಲ್ಮಿತಿಯ ಎರಡು ಪಟ್ಟು ದಾಟಿದರೆ ಕಷಾಯ ನಿಲ್ಲಿಸುವುದು ಎಂದು ಮೊದಲೇ ಬರೆದಿಟ್ಟೆವು. ಪಾದರಸ ಸೇರಿದ ರಸೌಷಧಿಗಳನ್ನು ಬಳಸಲೇ ಇಲ್ಲ. ಈ ರೋಗಕ್ಕೆ ಆಮವಾತಾರಿ ರಸ ಬರೆಯುವುದು ಮಹಾರಾಷ್ಟ್ರದಲ್ಲಿ ರೂಢಿ. ಈ ರೋಗಿಗೆ ಅದರ ಅಗತ್ಯ ನಮಗೆ ಕಾಣಲಿಲ್ಲ.

ಏಳು ಪದಾರ್ಥ, ಒಂದು ಅಡುಗೆಮನೆ

ಚಕ್ರದತ್ತ ಎಂಬ ಚಿಕಿತ್ಸಾಗ್ರಂಥ ಹೇಳುವ ಆಮವಾತದ ಚಿಕಿತ್ಸಾಕ್ರಮ ಹೀಗೆ ಸಾಗುತ್ತದೆ: ಲಂಘನ (ಹಗುರ ಆಹಾರ), ಸ್ವೇದನ (ಕಾವು), ಕಹಿ, ದೀಪನ (ಹಸಿವೆ ಹೆಚ್ಚಿಸುವುದು), ಖಾರ, ಆಮೇಲೆ ವಿರೇಚನ (ಭೇದಿ ಮಾಡಿಸುವುದು), ಸ್ನೇಹಪಾನ (ಜಿಡ್ಡು ಕುಡಿಸುವುದು), ಬಸ್ತಿ. ಜಿಡ್ಡಿನ ಮಾತು ಬರುವುದು ವಿರೇಚನದ ನಂತರ. ಈ ಅನುಕ್ರಮದಲ್ಲೇ ಚಿಕಿತ್ಸೆಯ ಅರ್ಧ ಇದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದೇ ಔಷಧಿಗಳನ್ನು ಹಿಂದುಮುಂದು ಮಾಡಿ ಕೊಟ್ಟರೆ ಊರಿನಲ್ಲಿ ಆದದ್ದೇ ಆಗುತ್ತದೆ.

ಆಮವಾತಕ್ಕೆ ಹೇಳಿದ ಅಪಥ್ಯದ ಪಟ್ಟಿಯ ಮೊದಲ ಸಾಲಿನಲ್ಲಿ ಏಳು ಪದಾರ್ಥಗಳಿವೆ: ಮೊಸರು, ಮೀನು, ಬೆಲ್ಲ, ಹಾಲು, ಬಸಳೆ, ಉದ್ದು, ಹಿಟ್ಟಿನ ತಿಂಡಿ. ಇದನ್ನು ಓದಿ ಹೇಳಿದಾಗ ಈಕೆಯ ಮುಖ ಬಾಡಿತು. "ಇಷ್ಟು ಬಿಟ್ಟರೆ ನಾನು ತಿನ್ನುವುದೆಂತ ಡಾಕ್ಟ್ರೇ?" ಪ್ರಶ್ನೆ ನ್ಯಾಯದ್ದೇ. ಕರಾವಳಿಯ ಅಡುಗೆಮನೆಗೆ ಬಂದು ಕೂತು ಬರೆದಂತಿದೆ ಆ ಸಾಲು. ಬಸಳೆ-ಪುಂಡಿ ಒಂದರಲ್ಲೇ ಎರಡು ಅಪಥ್ಯ, ಬೆಲ್ಲ ಹಾಕಿದ ಸಾಂಬಾರಿನ ಜೊತೆ ಇಡ್ಲಿಯಲ್ಲಿ ಮೂರು. ಮನೆಯ ದುಡಿಮೆಯೇ ಉದ್ದಿನ ಮೇಲೆ ನಿಂತಿದೆ. ಬೇಡ ಎಂಬ ಪಟ್ಟಿಯನ್ನಷ್ಟೇ ಕೈಗಿತ್ತು ಕಳಿಸಿದರೆ ರೋಗಿ ಎರಡನೆಯ ವಾರಕ್ಕೆ ಪಥ್ಯ ಬಿಡುತ್ತಾರೆ.

ಹಾಗಾಗಿ ಏನು ತಿನ್ನಬಹುದು ಎಂಬಲ್ಲಿಂದ ಹೊರಟೆವು. ಮೊದಲ ಮೂರು ದಿನ ಕುಚ್ಚಲಕ್ಕಿಯ ತೆಳು ಗಂಜಿ ಮತ್ತು ಹುರುಳಿಕಟ್ಟು ಮಾತ್ರ. ಹುರುಳಿ ಮುಂಬಯಿಯಲ್ಲಿ ಕುಳೀಥ್ ಎಂಬ ಹೆಸರಿನಲ್ಲಿ ಎಲ್ಲ ಕೋಂಕಣಿ ದಿನಸಿ ಅಂಗಡಿಯಲ್ಲೂ ಸಿಗುತ್ತದೆ. 50 ಗ್ರಾಂ ಹುರುಳಿ ಹುರಿದು, ರಾತ್ರಿ ನೆನೆಹಾಕಿ, 800 ಮಿಲಿಲೀಟರ್ ನೀರಿನಲ್ಲಿ ಅರ್ಧಕ್ಕಿಳಿಯುವವರೆಗೆ ಬೇಯಿಸಿ ಸೋಸಬೇಕು. ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ, ಕಾಳುಮೆಣಸು, ಜೀರಿಗೆ, ಚಿಟಿಕೆ ಇಂಗು, ಸೈಂಧವ ಲವಣ ಹಾಕಿ ಒಂದು ಕುದಿ. ಒಗ್ಗರಣೆ ಬೇಡ. ಕುಡಿಯುವ ನೀರು ಒಣಶುಂಠಿಯದ್ದು: ಒಂದು ಲೀಟರಿಗೆ 5 ಗ್ರಾಂ ಜಜ್ಜಿದ ಶುಂಠಿ, ಅರ್ಧಕ್ಕೆ ಬತ್ತಿಸಿ, ಬೆಚ್ಚಗೆ, ದಿನವಿಡೀ ಗುಟುಕು ಗುಟುಕಾಗಿ. ಲಂಘನವೆಂದರೆ ನಿರಾಹಾರವಲ್ಲ. ನೋವಿನ ಮಾತ್ರೆ ಬೇಕೇ ಬೇಕೆನಿಸಿದ ದಿನ ಗಂಜಿ ಉಂಡ ಮೇಲೆಯೇ, ಅದೂ ತಜ್ಞರು ಒಪ್ಪಿದ ಮಾತ್ರೆಯನ್ನೇ ನುಂಗಬೇಕು ಎಂದು ಹೇಳಿದ್ದೆವು.

ನಾಲ್ಕನೆಯ ದಿನದಿಂದ ಜೋಳದ ಭಾಕರಿ, ಜವೆಗೋಧಿ ಗಂಜಿ, ಮಹಾರಾಷ್ಟ್ರದವರು ಉಪವಾಸಕ್ಕೆ ಬಳಸುವ ಭಗರ್, ಹೆಸರುಬೇಳೆ ತೊವ್ವೆ, ಹಾಗಲ, ಪಡವಲ, ನುಗ್ಗೆ. ಮಳೆಗಾಲವಾದ್ದರಿಂದ ತರಕಾರಿ ಮಾರುವ ಹೆಂಗಸರ ಬುಟ್ಟಿಯಲ್ಲಿ ಪುನರ್ನವದ ಎಳೆ ಸೊಪ್ಪು ಬಂದಿತ್ತು. ಅದನ್ನೇ ಬಸಳೆಯ ಜಾಗಕ್ಕೆ ತಂದೆವು. ಹಾಲು, ಮೀನು ಎರಡೂ ಇಲ್ಲದೆ ಆರು ತಿಂಗಳು ಕಳೆದರೆ, ಹಿಮೋಗ್ಲೋಬಿನ್ 10.2 ಇರುವ ಹೆಂಗಸಿಗೆ ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಸಾಲದಾಗುತ್ತವೆ. ಹಾಗಾಗಿ ಐದನೆಯ ವಾರದಿಂದ ರಾಗಿ ಅಂಬಲಿ ಸೇರಿಸಿದೆವು, ಮಜ್ಜಿಗೆ ಹಾಕದೆ. ನಿಷೇಧ ಹನ್ನೆರಡು ವಾರಕ್ಕೆ ಮಾತ್ರ, ಆಮೇಲೆ ಒಂದೊಂದಾಗಿ ಮರಳಿಸುವುದು ಎಂದು ಮೊದಲ ದಿನವೇ ಮಾತು ಕೊಟ್ಟಿದ್ದೆವು. ಆ ಗಡುವು ಇದ್ದದ್ದರಿಂದಲೇ ಪಥ್ಯ ನಿಂತಿತು.

ಹಿಟ್ಟಿನ ಕೆಲಸ ನಿಲ್ಲಿಸಿ ಎನ್ನುವ ಹಕ್ಕು ನಮಗಿರಲಿಲ್ಲ. ನಾದಿನಿಯ ಮಗಳು ಡಬ್ಬಿ ತುಂಬಿಸಲು ಬಂದಳು, ಓರೆಯಾಗಿಸಿ ಬಗ್ಗಿಸುವ ಗ್ರೈಂಡರ್ ಬಂತು, ಹಿಟ್ಟು ಕಲಸಲು ಉದ್ದ ಹಿಡಿಯ ಸೌಟು. ಬೆಳಗಿನ ತಿಂಡಿ ಕೆಲಸ ಮುಗಿದ ಮೇಲೆ. ಮಧ್ಯಾಹ್ನದ ನಿದ್ದೆ ಬಿಡಿಸುವುದಕ್ಕೆ ಮಾತ್ರ ಆರು ವಾರ ಹಿಡಿಯಿತು.

ಮರಳಿನ ಕಾವು

ಕೀಲಿಗೆ ಹೊರಗಿನಿಂದ ಕೊಟ್ಟದ್ದು ವಾಲುಕಾ ಸ್ವೇದ, ಅಂದರೆ ಬಿಸಿ ಮರಳಿನ ಗಂಟಿನ ಒಣ ಕಾವು. ನೋಡಲು ಸುಲಭ, ಆದರೂ ಮೊದಲ ವಾರವೇ ಎಡವಟ್ಟಾಯಿತು. ಮಗ ಪ್ರೀತಿಯಿಂದ ಚೌಪಾಟಿಯಿಂದ ಒಂದು ಚೀಲ ಮರಳು ತಂದಿದ್ದ. ಸಮುದ್ರದ ಮರಳಿನಲ್ಲಿ ಉಪ್ಪಿದೆ, ಉಪ್ಪು ಜುಲೈ ಗಾಳಿಯ ತೇವವನ್ನೆಲ್ಲ ಹೀರುತ್ತದೆ. ಬಾಣಲೆಯಲ್ಲಿ ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಪಸೆ ಉಳಿದು, ಗಂಟು ಕಟ್ಟಿದಾಗ ಬಟ್ಟೆಯಿಂದ ಹಬೆ ಹೊರಟು, ಎಡ ಮಣಿಕಟ್ಟಿನ ಮೇಲೆ ಎರಡು ಬೊಬ್ಬೆ ಎದ್ದವು. ಬೇಕಾದದ್ದು ಒಣ ಕಾವು, ಸಿಕ್ಕಿದ್ದು ಹಬೆಯ ಸುಟ್ಟಗಾಯ. ಚರ್ಮ ಮಾಯಲು ಆರು ದಿನ ಹೋಯಿತು.

ಸರಿಯಾದ ಕ್ರಮ ಇದು. ಕಟ್ಟಡ ಸಾಮಾನಿನ ಅಂಗಡಿಯಿಂದ ನದಿಮರಳು ತಂದು, ಜರಡಿಯಲ್ಲಿ ಕಲ್ಲು ಮತ್ತು ದೂಳು ಎರಡನ್ನೂ ತೆಗೆದು, ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆಯಬೇಕು. ಮಳೆಗಾಲದಲ್ಲಿ ಬಿಸಿಲು ಕಾಯದೆ ಮೊದಲ ಸಲ ಅರ್ಧ ಗಂಟೆ ಬಾಣಲೆಯಲ್ಲೇ ಹುರಿದು ಪೂರ್ತಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ಬಳಸುವಾಗ 400 ಗ್ರಾಮಿನಂತೆ ಎರಡು ಪಾಲು, ಕಬ್ಬಿಣದ ಬಾಣಲೆಯಲ್ಲಿ 8ರಿಂದ 10 ನಿಮಿಷ ಕೈಯಾಡಿಸಿ, ಎರಡು ಮಡಿಕೆಯ ಹತ್ತಿಬಟ್ಟೆಯಲ್ಲಿ ಸಡಿಲ ಜಾಗ ಬಿಟ್ಟು ಗಂಟು ಕಟ್ಟುವುದು. ತುಂಬಾ ಬಿಗಿದರೆ ಗಂಟು ಕೀಲಿನ ಆಕಾರಕ್ಕೆ ಬಗ್ಗದು. ಕಾವು ಕೊಡುವವರು ಮೊದಲು ತಮ್ಮ ಮುಂಗೈಯ ಒಳಬದಿಗೆ ಮೂರು ಎಣಿಸುವಷ್ಟು ಹೊತ್ತು ಇಟ್ಟು ನೋಡಬೇಕು. ಒತ್ತಿ ತಿಕ್ಕದೆ ತಟ್ಟಿ ತಟ್ಟಿ ಎತ್ತಬೇಕು. ಒಂದು ಆರುವಾಗ ಇನ್ನೊಂದು ಬಾಣಲೆಯಲ್ಲಿ. ಒಟ್ಟು ಅರ್ಧ ಗಂಟೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಆಮೇಲೆ ಒಂದು ಗಂಟೆ ಫ್ಯಾನೂ ಇಲ್ಲ, ತಣ್ಣೀರೂ ಇಲ್ಲ. ಕೀಲು ಕೆಂಪಾಗಿ ಮುಟ್ಟಿದರೆ ಸುಡುತ್ತಿದ್ದ ದಿನ ಕಾವು ಕೊಡಲಿಲ್ಲ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರಿಗೆ ಇದನ್ನು ಮನೆಯಲ್ಲಿ ಮಾಡಲೇಬಾರದು, ಸುಟ್ಟದ್ದು ಗೊತ್ತಾಗುವುದಿಲ್ಲ.

ಕಷಾಯ, ಹರಳೆಣ್ಣೆ ಮತ್ತು ನಮ್ಮ ಲೆಕ್ಕದ ತಪ್ಪು

ಮೊದಲ ಎರಡು ವಾರ ಅಜಮೋದಾದಿ ಚೂರ್ಣ 3 ಗ್ರಾಂ, ಊಟಕ್ಕೆ ಮುಂಚೆ ಬಿಸಿನೀರಿನಲ್ಲಿ, ದಿನಕ್ಕೆರಡು ಸಲ. ಹತ್ತನೆಯ ದಿನ ನಾಲಿಗೆಯ ಲೇಪ ಅಂಚಿನಿಂದ ಬಿಡತೊಡಗಿತು, ಹಸಿವೆ ಕಾಣಿಸಿತು. ಮೂರನೆಯ ವಾರ ರಾಸ್ನಾಸಪ್ತಕ ಕಷಾಯ ಶುರು. ಏಳು ದ್ರವ್ಯಗಳು: ರಾಸ್ನೆ, ಅಮೃತಬಳ್ಳಿ, ಕಕ್ಕೆ, ದೇವದಾರು, ನೆಗ್ಗಿಲು, ಹರಳು ಗಿಡದ ಬೇರು, ಪುನರ್ನವ. ಸಮಭಾಗ, ತರಿತರಿಯಾದ ಪುಡಿ. 20 ಗ್ರಾಮಿಗೆ 320 ಮಿಲಿಲೀಟರ್ ನೀರು, ಸಣ್ಣ ಉರಿಯಲ್ಲಿ ಮುಚ್ಚದೆ ಕುದಿಸಿ 40ಕ್ಕೆ ಇಳಿಸಿ, ಕುಡಿಯುವಾಗ ಒಂದು ಗ್ರಾಂ ಶುಂಠಿಪುಡಿ. ಎರಡು ಹೊತ್ತಿಗೂ ಆಗಿಂದಾಗ್ಗೆ ಮಾಡಬೇಕು. ಬೆಳಗಿನದ್ದನ್ನು ಫ್ರಿಜ್ಜಿನಲ್ಲಿಟ್ಟು ಸಂಜೆ ಬಿಸಿ ಮಾಡಿದರೆ ಹುಳಿ ವಾಸನೆ ಬರುತ್ತದೆ. ಕುಕ್ಕರಿನಲ್ಲಿ ಮಾಡಬಹುದೇ ಎಂದು ಕೇಳದ ಮುಂಬಯಿ ರೋಗಿಯಿಲ್ಲ. ಆಗದು. ನೀರು ಬತ್ತಿ ಸಾರ ಉಳಿಯಬೇಕು, ಮುಚ್ಚಿ ಬೇಯಿಸಿದರೆ ನೀರು ಹಾಗೇ ಇರುತ್ತದೆ.

ರಾಸ್ನೆಯ ಬಗ್ಗೆ ಒಂದು ಎಚ್ಚರಿಕೆ ಬೇಕು. ನಮ್ಮ ಊರಿನ ಕಡೆ ರಾಸ್ನೆ ಎಂದು ಕೊಡುವುದು ದುಂಪರಾಸ್ಮೆಯ ಗೆಡ್ಡೆ. ಅದನ್ನೇ ಮುಂಬಯಿಯ ಅಂಗಡಿಯಲ್ಲಿ ಕುಲಿಂಜನ ಎನ್ನುತ್ತಾರೆ. ಇಲ್ಲಿ ರಾಸ್ನಾ ಎಂದು ಕೇಳಿದರೆ ಬೇರೆಯೇ ಗಿಡದ ಎಲೆ ಕೊಡುತ್ತಾರೆ, ಭಾರತೀಯ ಆಯುರ್ವೇದ ಫಾರ್ಮಕೋಪಿಯ ಒಪ್ಪಿರುವುದು ಆ ಎಲೆಯನ್ನೇ. ಅತ್ತೆ ಊರಿನಿಂದ ಕಳಿಸಿದ ಗೆಡ್ಡೆಯನ್ನು ಇಲ್ಲಿ ಕೊಂಡ ಎಲೆಯ ಜೊತೆ ಬೆರೆಸಿ, ರಾಸ್ನೆ ಎರಡು ಪಾಲಾಗಿತ್ತು. ಕಷಾಯ ಕಡುಖಾರವಾಗಿ ಎದೆ ಉರಿಯಿತು. ಒಂದನ್ನೇ ಬಳಸಿ ಎಂದ ಮೇಲೆ ಸರಿಹೋಯಿತು.

ಗುಳಿಗೆ ಸಿಂಹನಾದ ಗುಗ್ಗುಲು, 500 ಮಿಲಿಗ್ರಾಮಿನ ಎರಡು, ದಿನಕ್ಕೆರಡು ಸಲ ಊಟದ ನಂತರ. ತ್ರಿಫಲ, ಶೋಧಿತ ಗಂಧಕ, ಗುಗ್ಗುಲು, ಹರಳೆಣ್ಣೆಯಿಂದ ಆದದ್ದು, ಪಾದರಸವಿಲ್ಲ.

ಇನ್ನು ಹರಳೆಣ್ಣೆ. ಶರೀರವೆಂಬ ಕಾಡಿನಲ್ಲಿ ತಿರುಗುವ ಆಮವಾತವೆಂಬ ಆನೆಗೆ ಹರಳೆಣ್ಣೆಯೊಂದೇ ಸಿಂಹ ಎಂಬ ಶ್ಲೋಕವನ್ನು ಆಯುರ್ವೇದ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡಿರುತ್ತಾರೆ. ಎಣ್ಣೆಯೇ ಆದರೂ ಇದರ ಗುಣ ತೀಕ್ಷ್ಣ, ಉಷ್ಣ. ಕೂತ ಆಮವನ್ನು ಕೆಳಮುಖವಾಗಿ ಹೊರಹಾಕುತ್ತದೆ. ನಾಲ್ಕನೆಯ ವಾರದ ಮಂಗಳವಾರ ರಾತ್ರಿ 20 ಮಿಲಿಲೀಟರ್ ಕೊಟ್ಟೆವು. ಕಷಾಯದಲ್ಲಿರುವ ಕಕ್ಕೆ, ಗುಳಿಗೆಯಲ್ಲಿರುವ ತ್ರಿಫಲ ಮತ್ತು ಹರಳೆಣ್ಣೆ, ಎಲ್ಲವೂ ಸಾರಕವೇ ಎಂಬುದನ್ನು ಒಟ್ಟಿಗೆ ಕೂಡಿಸಿ ನೋಡಲಿಲ್ಲ. ಅದು ನಮ್ಮ ತಪ್ಪು. ರಾತ್ರಿ ಎರಡರಿಂದ ಬೆಳಿಗ್ಗೆ ಹತ್ತರೊಳಗೆ ಒಂಬತ್ತು ಸಲ ಭೇದಿ, ಹೊಟ್ಟೆ ನುಲಿತ, ರಕ್ತದೊತ್ತಡ 96/60. ಓ.ಆರ್.ಎಸ್. ಮತ್ತು ಗಂಜಿಯಲ್ಲಿ ಸಂಜೆಗೆ ಚೇತರಿಸಿಕೊಂಡರು, ಮೂರು ದಿನ ಎಲ್ಲ ಔಷಧಿ ನಿಲ್ಲಿಸಿದೆವು. ಮೆಥೊಟ್ರೆಕ್ಸೇಟ್ ದಿನ ಇನ್ನೂ ದೂರವಿತ್ತು. ಭಾನುವಾರದ ಪಕ್ಕದಲ್ಲೇ ಆಗಿದ್ದರೆ ವಿಷಯ ಇಷ್ಟು ಸುಲಭವಿರುತ್ತಿರಲಿಲ್ಲ. ಮರುವಾರ 10 ಮಿಲಿಲೀಟರಿಗೆ ಇಳಿಸಿ, ಮಂಗಳವಾರ ಮತ್ತು ಗುರುವಾರ ರಾತ್ರಿ ಮಾತ್ರ, ಬಿಸಿ ಶುಂಠಿ ಕಷಾಯದ ಜೊತೆ, ಆ ರಾತ್ರಿಯ ರಾಸ್ನಾಸಪ್ತಕ ಬಿಟ್ಟು. ಬೆಳಿಗ್ಗೆ ಎರಡು ಮೂರು ಸಲ, ನುಲಿತವಿಲ್ಲದೆ. ಬೇಕಾದದ್ದು ಅಷ್ಟೇ.

ಬಸ್ತಿ

ಏಳನೆಯ ವಾರ ಯೋಗಬಸ್ತಿ, ಅಂದರೆ ಎಂಟು ಬಸ್ತಿಗಳ ಸರಣಿ. ಅದರಲ್ಲಿ ಐದು ಅನುವಾಸನ (ಎಣ್ಣೆಯ ಬಸ್ತಿ), ಮೂರು ನಿರೂಹ (ಹಲವು ದ್ರವ್ಯ ಕಲಸಿದ, ಶುದ್ಧಿಯ ಬಸ್ತಿ). ಒಂದು, ಮೂರು, ಐದು, ಏಳು, ಎಂಟನೆಯವು ಹರಳೆಣ್ಣೆಯೇ ಮೂಲವಾದ ಬೃಹತ್ ಸೈಂಧವಾದಿ ತೈಲ, 60 ಮಿಲಿಲೀಟರ್. ನಡುವಿನ ಮೂರು ವೈತರಣ ಬಸ್ತಿ. ಭಾನುವಾರದ ನಿಯಮದಿಂದಾಗಿ ಎಂಟೂ ಒಂದೇ ಓಟದಲ್ಲಿ ಆಗಲಿಲ್ಲ: ಮಂಗಳವಾರದಿಂದ ಶನಿವಾರ ಬೆಳಗಿನವರೆಗೆ ಐದು, ಮರುವಾರ ಉಳಿದ ಮೂರು. ಶುದ್ಧ ಶಾಸ್ತ್ರದ ದೃಷ್ಟಿಯಲ್ಲಿ ಇದು ಕೊರತೆ, ರೋಗಿಯ ದೃಷ್ಟಿಯಲ್ಲಿ ಅನಿವಾರ್ಯ.

ವೈತರಣದ ಅಳತೆ ಚಕ್ರದತ್ತದ್ದು: ಹುಣಿಸೆ ಒಂದು ಪಲ, ಬೆಲ್ಲ ಅರ್ಧ ಪಲ, ಸೈಂಧವ ಒಂದು ಕರ್ಷ, ಗೋಮೂತ್ರ ಒಂದು ಕುಡವ, ಸ್ವಲ್ಪ ಎಣ್ಣೆ. ಈಗಿನ ತೂಕದಲ್ಲಿ 48 ಗ್ರಾಂ, 24 ಗ್ರಾಂ, 12 ಗ್ರಾಂ, 192 ಮಿಲಿಲೀಟರ್; ಎಣ್ಣೆ ನಾವು ಹಾಕಿದ್ದು 30. ಸೈಂಧವ ಮತ್ತು ಬೆಲ್ಲವನ್ನು ಕಲ್ಬತ್ತಿನಲ್ಲಿ ಅರೆದು, ಎಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ಒಂದಾಗುವವರೆಗೆ ಕಡೆದು, ಹುಣಿಸೆಯ ರಸವನ್ನು ಬಟ್ಟೆಯಲ್ಲಿ ಸೋಸಿ ಹಾಕಿ, ಕೊನೆಗೆ ಗೋಮೂತ್ರ. ಕ್ರಮ ತಪ್ಪಿದರೆ ಎಣ್ಣೆ ಮೇಲೆ ತೇಲುತ್ತದೆ, ಬಸ್ತಿ ಒಳಗೆ ನಿಲ್ಲುವುದಿಲ್ಲ. ಬಿಸಿನೀರಿನ ಪಾತ್ರೆಯೊಳಗಿಟ್ಟೇ ಮೈಬಿಸಿಗೆ ತರಬೇಕು, ನೇರ ಉರಿಗೆ ಇಡಬಾರದು. ಮೊದಲ ವೈತರಣ ಐದು ನಿಮಿಷದಲ್ಲಿ ಉರಿಯೊಂದಿಗೆ ಹೊರಬಂತು. ಹುಣಿಸೆ ಹಳೆಯದು, ತುಂಬಾ ಹುಳಿ. ಎರಡನೆಯ ಸಲ ಹುಣಿಸೆಯನ್ನು ಮುಕ್ಕಾಲಿಗೆ ಇಳಿಸಿದಾಗ 18 ನಿಮಿಷ ನಿಂತಿತು, ಮೂರನೆಯದು 25. ನಿರೂಹ ಬಸ್ತಿ ಹೊರಬರಲು ಕಾಯುವ ಮಿತಿ ಒಂದು ಮುಹೂರ್ತ, 48 ನಿಮಿಷ. ಗೋಮೂತ್ರದ ಬದಲು ಬಾಟಲಿಯ ಅರ್ಕ ಬಳಸುವುದು ನಗರದಲ್ಲಿ ಸಾಮಾನ್ಯ. ಭಟ್ಟಿ ಇಳಿಸಿದಾಗ ಲವಣಾಂಶ ಹಿಂದೆ ಉಳಿಯುತ್ತದೆ, ಈ ಬಸ್ತಿಯ ಕ್ಷಾರಗುಣ ಇರುವುದೇ ಅದರಲ್ಲಿ. ಗೋಶಾಲೆಯಿಂದ ಅಂದಂದಿನದ್ದು ತರಿಸಿ ಎಂಟು ಮಡಿಕೆ ಬಟ್ಟೆಯಲ್ಲಿ ಸೋಸಿ ಬಳಸಿದೆವು. ಇದು ಮನೆಯಲ್ಲಿ ಮಾಡುವ ಉಪಚಾರವಲ್ಲ.

ಎಂಟನೆಯ ವಾರದ ಕೊನೆಗೆ ಬೆಳಗಿನ ಬಿಗಿತ ಎರಡೂವರೆ ಗಂಟೆಯಿಂದ 50 ನಿಮಿಷಕ್ಕೆ ಬಂದಿತ್ತು. ನೋಯುವ ಕೀಲು 6, ಊದಿದ್ದು 4, ಇ.ಎಸ್.ಆರ್. 41, ಡಾಸ್-28 ಅಂಕ 5.1.

ಒಂಬತ್ತನೆಯ ವಾರ ಅಷ್ಟಮಿ. ಉದ್ದಿನ ಉಂಡೆ, ಚಕ್ಕುಲಿ, ಅವಲಕ್ಕಿ-ಮೊಸರು. ಮಾಡಿದವರು ಇವರೇ, ಎರಡು ದಿನ ತಿಂದವರೂ ಇವರೇ. ಅದರ ಜೊತೆ ರಾತ್ರಿ ಜಾಗರಣೆ, ಬೆಳಿಗ್ಗೆ ತಣ್ಣೀರಿನ ಸ್ನಾನ. ಮೂರನೆಯ ದಿನ ಎರಡೂ ಮಣಿಕಟ್ಟು ಊದಿ, ನಾಲಿಗೆ ಮತ್ತೆ ಬೆಳ್ಳಗಾಯಿತು. ಗದರಿಸಲಿಲ್ಲ. ಮೊದಲ ಮೂರು ದಿನದ ಗಂಜಿ-ಹುರುಳಿಕಟ್ಟಿನ ಕ್ರಮಕ್ಕೆ ಮರಳಿಸಿ, ಅಜಮೋದಾದಿ ಚೂರ್ಣ ಒಂದು ವಾರ ಕೊಟ್ಟೆವು. ಹನ್ನೊಂದು ದಿನದಲ್ಲಿ ಹಿಂದಿನ ಸ್ಥಿತಿಗೆ ಬಂದರು. ಉದ್ದು ತಿಂದದ್ದರಿಂದಲೇ ಎಂದು ಹೇಳಲಾಗದು, ನಿದ್ದೆಗೆಟ್ಟರೂ ಈ ರೋಗ ಕೆರಳುತ್ತದೆ. ಆದರೆ ಯಾವ ಲಕ್ಷಣ ಮೊದಲು ಬರುತ್ತದೆ ಎಂಬುದನ್ನು ಈಕೆ ಆ ವಾರ ಕಲಿತರು: ಕೀಲು ಊದುವುದಕ್ಕೆ ಒಂದು ದಿನ ಮುಂಚೆ ಹಸಿವೆ ಹೋಗುತ್ತದೆ, ನಾಲಿಗೆ ಬಿಳುಪಾಗುತ್ತದೆ. ಗಣಪತಿ ಹಬ್ಬದಲ್ಲಿ ಹಸಿವೆ ಕುಂದಿದ ದಿನವೇ ತಾವಾಗಿ ಗಂಜಿಗೆ ಇಳಿದರು, ಊತ ಬರಲಿಲ್ಲ.

ಎಣ್ಣೆಗೆ ಸಮಯ

ಹದಿಮೂರನೆಯ ವಾರ ನಾಲಿಗೆ ಸ್ವಚ್ಛ, ಹಸಿವೆ ಹೊತ್ತಿಗೆ ಸರಿಯಾಗಿ, ಮೈ ಹಗುರ. ಊತ ಎರಡು ಕೀಲಿನಲ್ಲಿ ಮಾತ್ರ. ಈಗ ಉಳಿದ ಬಿಗಿತ ಒಣ ವಾತದ್ದು ಎನಿಸಿತು. ಆದರೂ ಊಹೆಯ ಮೇಲೆ ಮೈಗೆಲ್ಲ ಎಣ್ಣೆ ಹಚ್ಚಲಿಲ್ಲ. ಊತವಿಲ್ಲದ ಬಲ ಮಣಿಕಟ್ಟಿಗೆ ಮಾತ್ರ, ಮಲಗುವ ಮುಂಚೆ, ಬೃಹತ್ ಸೈಂಧವಾದಿ ತೈಲ ಒಂದು ಚಮಚ, ತಿಕ್ಕದೆ ಸವರಿ, ಹತ್ತು ನಿಮಿಷ ಮರಳಿನ ಕಾವು. ಮೂರು ರಾತ್ರಿ. ಎರಡೂ ಮಣಿಕಟ್ಟಿನ ಸುತ್ತಳತೆಯನ್ನು ದಿನಾ ಬೆಳಿಗ್ಗೆ ಟೇಪಿನಲ್ಲಿ ಅಳೆದು ಬರೆಯುವುದು. ಬಲದ್ದು ಹಿಗ್ಗಲಿಲ್ಲ, ಬಿಗಿತ ಹತ್ತು ನಿಮಿಷ ಕಡಿಮೆಯಾಯಿತು. ಒಂದು ವಾರದ ಮೇಲೆ ಬೆರಳುಗಳಿಗೆ, ಆಮೇಲೆ ಮೊಣಕಾಲಿಗೆ. ಎಡ ಮಣಿಕಟ್ಟಿಗೆ ಹದಿನೆಂಟನೆಯ ವಾರದವರೆಗೆ ಹಚ್ಚಲಿಲ್ಲ. ಮೇ ತಿಂಗಳಲ್ಲಿ ಕೆಡಿಸಿದ ಅಭ್ಯಂಗ ಸೆಪ್ಟೆಂಬರ್ ಕೊನೆಯಿಂದ ಹೀಗೆ ಒಂದೊಂದು ಕೀಲಾಗಿ ಮರಳಿತು, ತೈಲ ಮಾತ್ರ ಬೇರೆ. ಅಪಥ್ಯವೂ ಹಾಗೆಯೇ ಮರಳಿತು: ಮೊದಲು ಬಂಗುಡೆ ವಾರಕ್ಕೆರಡು ಸಲ, ಸಾರು ಮಾಡಿ, ಮೊಸರಿಲ್ಲದ ಹೊತ್ತಿಗೆ. ಎರಡು ವಾರ ಬಿಟ್ಟು ಶುಂಠಿ ಹಾಕಿ ಕುದಿಸಿದ ಹಾಲು. ಇಡ್ಲಿ ವಾರಕ್ಕೊಮ್ಮೆ. ರಾತ್ರಿಯ ಮೊಸರು ಇನ್ನೂ ಇಲ್ಲ.

ಇಪ್ಪತ್ತನಾಲ್ಕನೆಯ ವಾರ, ಡಿಸೆಂಬರಿನಲ್ಲಿ: ಬೆಳಗಿನ ಬಿಗಿತ 15 ನಿಮಿಷ, ನೋಯುವ ಕೀಲು ಒಂದು, ಊದಿದ್ದು ಒಂದು. ಇ.ಎಸ್.ಆರ್. 20, ಸಿ.ಆರ್.ಪಿ. 6, ಹಿಮೋಗ್ಲೋಬಿನ್ 11.4. ಡಾಸ್-28 ಅಂಕ 3.1, ಅಂದರೆ ಅಲ್ಪ ತೀವ್ರತೆ. ಪೂರ್ಣ ಶಮನಕ್ಕೆ 2.6ಕ್ಕಿಂತ ಕೆಳಗೆ ಬರಬೇಕು. ಎ.ಎಲ್.ಟಿ. ಎಂಟನೆಯ ವಾರ ಒಮ್ಮೆ 52ಕ್ಕೆ ಏರಿತ್ತು, ಕಷಾಯವನ್ನು ಎರಡು ವಾರ ಒಂದೇ ಹೊತ್ತಿಗೆ ಇಳಿಸಿದಾಗ 34ಕ್ಕೆ ಬಂತು. ಈ ಸುಧಾರಣೆಯಲ್ಲಿ ಮೆಥೊಟ್ರೆಕ್ಸೇಟಿನ ಪಾಲೆಷ್ಟು, ನಮ್ಮದೆಷ್ಟು ಎಂದು ಒಬ್ಬ ರೋಗಿಯನ್ನು ನೋಡಿ ಬೇರ್ಪಡಿಸಲು ಬರುವುದಿಲ್ಲ. ಆ ಮಾತ್ರೆ ಪೂರ್ತಿ ಕೆಲಸ ಮಾಡಲು ಹಿಡಿಯುವ ಆರರಿಂದ ಹನ್ನೆರಡು ವಾರವೂ ಇದರೊಳಗೇ ಇದೆ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಮೇ ತಿಂಗಳಲ್ಲಿ ಎಣ್ಣೆಗೆ ಊದಿದ ಕೀಲು ಆಮ ಕರಗಿದ ಮೇಲೆ ಎಣ್ಣೆಯನ್ನು ಒಪ್ಪಿತು, ಮತ್ತು ವಾಕರಿಕೆಗೆ ಹೆದರಿ ಬಿಟ್ಟಿದ್ದ ಮಾತ್ರೆಯನ್ನು ಈಕೆ ಒಂದು ವಾರವೂ ತಪ್ಪಿಸಲಿಲ್ಲ.

ಎಡ ಮಣಿಕಟ್ಟು ಹಿಂದಕ್ಕೆ ಪೂರ್ತಿ ಬಾಗುವುದಿಲ್ಲ, ಸುಮಾರು 15 ಡಿಗ್ರಿ ಕೊರತೆ. ಬೆಚ್ಚನೆಯ ನೀರಿನಲ್ಲಿ ದಿನಾ ಎರಡು ಸಲ ವ್ಯಾಯಾಮ ನಡೆಯುತ್ತಿದೆ. ಕಷಾಯ ಹದಿನಾರನೆಯ ವಾರಕ್ಕೆ ನಿಂತಿದೆ, ಸಿಂಹನಾದ ಗುಗ್ಗುಲು ದಿನಕ್ಕೆ ಎರಡು ಗುಳಿಗೆಗೆ ಇಳಿದಿದೆ. ಮೆಥೊಟ್ರೆಕ್ಸೇಟ್ 15 ಮಿಲಿಗ್ರಾಂ ಮುಂದುವರಿದಿದೆ, ಇಳಿಸುವ ತೀರ್ಮಾನ ಸಂಧಿವಾತ ತಜ್ಞರದ್ದು. ಕೈ ಮತ್ತು ಪಾದದ ಎಕ್ಸ್-ರೇ ಮುಂದಿನ ಜೂನಿನಲ್ಲಿ. ಹಿಟ್ಟು ಈಗ ದಿನಕ್ಕೆ 14 ಕಿಲೋ.